ಕುದುರೆಲಾಳ ಸೀಗಡಿಯನ್ನು ಅರಿಯುವ ಬಗೆ

ಕುದುರೆಲಾಳ ಸೀಗಡಿಗಳನ್ನು, ಅಂದರೆ ಸೆಫಲೋಕ್ಯಾರಿಡಾ ಗುಂಪನ್ನು ಅರ್ಥ ಮಾಡಿಕೊಳ್ಳಬೇಕೆಂದಿರುವವರು ಮೊದಲು ಪಠ್ಯಪುಸ್ತಕವನ್ನು ಮುಚ್ಚಿಟ್ಟು ಮೀನು ಮಾರುಕಟ್ಟೆಗೆ ಹೋಗಬೇಕು. ಗೋವೆಯ ವಾಸ್ಕೋದ ಮಾರುಕಟ್ಟೆಯಾದರೆ ಬೆಳಿಗ್ಗೆಯೇ ಹೋಗಿ, ಮೀಸೆ ಮುರಿಯದ, ತಲೆ ಗಟ್ಟಿಯಾಗಿರುವ, ಬೆರಳುದ್ದಕ್ಕಿಂತ ತುಸು ದೊಡ್ಡದಾದ ನಾಲ್ಕು ಸೀಗಡಿಗಳನ್ನು ಆರಿಸಿಕೊಳ್ಳಿ. ಮಾರುವ ಹೆಂಗಸಿಗೆ ಕೊಂಕಣಿಯಲ್ಲಿ ‘ಸುಂಗಟಾಂ’ (ಸೀಗಡಿ) ಎಂದರೆ ಸಾಕು. ತಲೆ ತೆಗೆಯಲು ಚಾಕು ಹಿಡಿದರೆ ಬೇಡವೆನ್ನಿ. ನಮಗೆ ಬೇಕಾದದ್ದು ಹೆಚ್ಚಾಗಿ ತಲೆಯಲ್ಲೇ ಇದೆ.

ನಾನು ದೋನಾ ಪಾವ್ಲಾ ಕಡೆಯ ಒಂದು ಪ್ರಯೋಗಾಲಯದಲ್ಲಿ ಸಮುದ್ರತಳದ ಕೆಸರನ್ನು ಸೋಸಿ, ಅದರೊಳಗಿನ ಜೀವಿಗಳನ್ನು ಸೂಕ್ಷ್ಮದರ್ಶಕದಡಿ ಬೇರ್ಪಡಿಸುವ ಕೆಲಸ ಮಾಡುತ್ತೇನೆ. ಊರು ಕುಮಟಾ. ಭಾನುವಾರ ವಾಸ್ಕೋ, ಬಾಯ್ಣಾ, ಝುವಾರಿನಗರದ ಕನ್ನಡ ಮನೆಗಳ ಮಕ್ಕಳು, ಬಿ.ಎಸ್‌ಸಿ. ಪ್ರಾಣಿಶಾಸ್ತ್ರ ಓದುವವರು, ನಮ್ಮ ಮನೆಯ ಪಡಸಾಲೆಯಲ್ಲಿ ಕೂಡುತ್ತಾರೆ. ಈ ಗುಂಪಿನ ಬಗ್ಗೆ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ವಾಕ್ಯ: ‘ಬದುಕಿರುವ ಕಠಿಣಚರ್ಮಿಗಳಲ್ಲೇ ಅತ್ಯಂತ ಆದಿಮ.’ ಕಠಿಣಚರ್ಮಿಗಳೆಂದರೆ ಸೀಗಡಿ, ಏಡಿಗಳ ಬಳಗ. ಏನು ನೋಡಿ ಹಾಗೆ ಹೇಳಿದರು ಎಂದು ಕೇಳಿದರೆ ಉತ್ತರವಿಲ್ಲ. ಎರಡರಿಂದ ನಾಲ್ಕು ಮಿಲಿಮೀಟರ್ ಉದ್ದದ, ಕಣ್ಣಿಲ್ಲದ, ಬಣ್ಣವಿಲ್ಲದ, ಕೆಸರಿನ ಮೇಲ್ಪದರದಲ್ಲಿ ಬದುಕುವ ಪ್ರಾಣಿಯಿದು. ಜಗತ್ತಿನಲ್ಲಿ ತಿಳಿದಿರುವುದು ಹನ್ನೆರಡು ಹದಿಮೂರು ಜಾತಿಗಳು ಮಾತ್ರ. ಆದಿಮತೆ ಎಲ್ಲಿದೆ ಎಂಬುದನ್ನು ಅದರ ಕಾಲುಗಳು ಹೇಳುತ್ತವೆ. ಆ ಕಾಲುಗಳನ್ನು ಓದಲು ಕಲಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಕ್ರಮ ತಪ್ಪಿಸಬೇಡಿ, ಹಿಂದಿನದು ಕೈಗೆ ಹತ್ತದೆ ಮುಂದಿನದು ತಲೆಗೆ ಹತ್ತುವುದಿಲ್ಲ.

ಮೊದಲನೆಯದು ಸೀಗಡಿ. ಅದನ್ನು ಅರ್ಧ ಗಂಟೆ ಮಂಜುಗಡ್ಡೆಯ ಮೇಲಿಡಿ, ಗಡುಸಾಗುತ್ತದೆ. ಒಂದು ಕಪ್ಪು ಕಾಗದ, ಚೂಪು ತುದಿಯ ಚಿಮಟ, ಸೂಜಿ, ಭೂತಗನ್ನಡಿ ಇದ್ದರೆ ಸಾಕು. ಸೀಗಡಿಯನ್ನು ಬಲ ಮಗ್ಗುಲಿಗೆ ಮಲಗಿಸಿ, ತಲೆಯ ಪಕ್ಕದ ಚಿಪ್ಪನ್ನು ಕತ್ತರಿಯಿಂದ ತೆಗೆಯಿರಿ. ಕಿವಿರುಗಳು ಕಾಣುತ್ತವೆ. ಈಗ ಎಡಬದಿಯ ಉಪಾಂಗಗಳನ್ನು ಬಾಲದ ಕಡೆಯಿಂದ ಶುರು ಮಾಡಿ ಒಂದೊಂದಾಗಿ ಬುಡದಲ್ಲಿ ಹಿಡಿದು ಕೀಳಿ. ನಡುವೆ ಹಿಡಿದರೆ ತುಂಡಾಗುತ್ತದೆ; ಕಾಲು ದೇಹಕ್ಕೆ ಸೇರುವ ಜಾಗಕ್ಕೇ ಚಿಮಟ ಹೋಗಬೇಕು. ಕಿತ್ತದ್ದನ್ನು ಕಪ್ಪು ಕಾಗದದ ಮೇಲೆ ಅದೇ ಸರದಿಯಲ್ಲಿ ಜೋಡಿಸಿ, ಪಕ್ಕದಲ್ಲಿ ಸೀಸದ ಕಡ್ಡಿಯಿಂದ ಸಂಖ್ಯೆ ಬರೆಯಿರಿ.

ಬಾಲದ ಬೀಸಣಿಗೆಯ ಒಂದು ಜೊತೆ, ಹೊಟ್ಟೆಯಡಿಯ ಈಜುಗಾಲು ಐದು ಜೊತೆ: ಉದರಕ್ಕೆ ಆರು. ನಡೆಯುವ ಕಾಲು ಐದು ಜೊತೆ, ಬಾಯಿಯ ಕಡೆಗೆ ಬಾಗಿದ ದವಡೆಗಾಲು ಮೂರು ಜೊತೆ: ವಕ್ಷಕ್ಕೆ ಎಂಟು. ಇಲ್ಲಿಂದ ಮುಂದೆ ಕೈ ನಿಧಾನಿಸಬೇಕು. ತಲೆಯಲ್ಲಿ ಐದು ಜೊತೆಗಳಿವೆ: ಎರಡನೆಯ ಕಿರುದವಡೆ, ಮೊದಲನೆಯ ಕಿರುದವಡೆ, ದವಡೆ, ಉದ್ದ ಮೀಸೆ (ಎರಡನೆಯ ಮೀಸೆ), ಗಿಡ್ಡ ಮೀಸೆ (ಮೊದಲ ಮೀಸೆ). ಒಟ್ಟು ಹತ್ತೊಂಬತ್ತು. ಮಕ್ಕಳು ಹೆಚ್ಚಾಗಿ ಹದಿನೇಳರಲ್ಲಿ ನಿಲ್ಲುತ್ತಾರೆ. ತಪ್ಪಿಹೋಗುವುದು ಆ ಎರಡು ಕಿರುದವಡೆಗಳು. ದವಡೆಗೆ ಅಂಟಿಕೊಂಡು, ತೆಳ್ಳಗೆ, ಪಾರದರ್ಶಕವಾಗಿರುತ್ತವೆ. ಹತ್ತೊಂಬತ್ತೂ ಕಾಗದದ ಮೇಲೆ ಬರುವವರೆಗೆ ಮುಂದಕ್ಕೆ ಹೋಗಬೇಡಿ. ಇನ್ನೂ ಮೂರು ಸೀಗಡಿಗಳಿವೆಯಲ್ಲ.

ಈಗ ಎರಡನೆಯ ಕಿರುದವಡೆಯನ್ನು ನೀರಿನ ಹನಿಯಲ್ಲಿ ಹರಡಿ ಭೂತಗನ್ನಡಿಯಲ್ಲಿ ನೋಡಿ. ಒಳಬದಿಯಲ್ಲಿ ನಾಲ್ಕಾರು ಎಳೆ ಹಾಲೆಗಳು, ಹೊರಬದಿಯಲ್ಲಿ ಅಗಲವಾದ, ಅಂಚಿಗೆ ರೋಮ ಕಟ್ಟಿದ ಒಂದು ಪಟ್ಟಿ. ಜೀವಂತ ಸೀಗಡಿಯಲ್ಲಿ ಈ ಪಟ್ಟಿ ಬಿಡುವಿಲ್ಲದೆ ಬಡಿದು ಕಿವಿರುಗಳ ಮೇಲೆ ನೀರು ಹರಿಸುತ್ತದೆ. ಇದನ್ನು ನೋಡಿ ಯಾರೂ ‘ಕಾಲು’ ಎನ್ನುವುದಿಲ್ಲ. ಇದರ ಪಕ್ಕದಲ್ಲೇ ನಡೆಯುವ ಕಾಲೊಂದನ್ನು ಇಡಿ. ಎರಡಕ್ಕೂ ಏನೇನೂ ಹೋಲಿಕೆಯಿಲ್ಲ. ಸೀಗಡಿಯ ದೇಹ ಕೆಲಸ ಹಂಚಿಕೊಂಡ ದೇಹ: ಒಂದು ಜೊತೆ ಅಗಿಯುತ್ತದೆ, ಒಂದು ಜೊತೆ ನೀರು ಹೊಡೆಯುತ್ತದೆ, ಮೂರು ಜೊತೆ ತುತ್ತು ಹಿಡಿಯುತ್ತವೆ, ಐದು ನಡೆಯುತ್ತವೆ, ಐದು ಈಜುತ್ತವೆ. ಎರಡನೆಯ ಕಿರುದವಡೆಯ ಚಿತ್ರವನ್ನು ಒಂದು ಪೂರ್ತಿ ಪುಟಕ್ಕೆ ದೊಡ್ಡದಾಗಿ ಬರೆದಿಟ್ಟುಕೊಳ್ಳಿ. ಕುದುರೆಲಾಳ ಸೀಗಡಿಯ ಕಥೆಯೆಲ್ಲ ಈ ಒಂದು ಜೊತೆಯ ಸುತ್ತ ನಡೆಯುತ್ತದೆ.

ಎರಡನೆಯದಕ್ಕೆ ಅಲಂಕಾರ ಮೀನಿನ ಅಂಗಡಿಗೆ ಹೋಗಬೇಕು. ಮರಿಮೀನಿಗೆ ಆಹಾರವಾಗಿ ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಕಠಿಣಚರ್ಮಿಯ ಒಣ ಮೊಟ್ಟೆ ಮಾರುತ್ತಾರೆ. ಕಾಫಿಪುಡಿಯ ಬಣ್ಣದ ನಯವಾದ ಪುಡಿ. ಒಂದು ಲೀಟರ್ ನೀರಿಗೆ ಸುಮಾರು ಮೂವತ್ತು ಗ್ರಾಂ ಉಪ್ಪು ಕರಗಿಸಿ. ಅಯೋಡಿನ್ ಸೇರದ ಕಲ್ಲುಪ್ಪು ಒಳ್ಳೆಯದು. ನಾನು ಊರಿನಿಂದ ತರುವ ಸಾಣಿಕಟ್ಟಾ ಉಪ್ಪನ್ನೇ ಬಳಸುತ್ತೇನೆ. ನಲ್ಲಿ ನೀರಾದರೆ ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋಗಲು ಬಿಡಿ. ಕಾಲು ಚಮಚ ಪುಡಿ ಹಾಕಿ, ಬೆಳಕಿರುವ ಕಡೆ ಇಟ್ಟು, ಮೀನುತೊಟ್ಟಿಯ ಗಾಳಿಪಂಪಿನಿಂದ ಗುಳ್ಳೆ ಬಿಡಿ. ಗೋವೆಯ ಸೆಕೆಯಲ್ಲಿ ಒಂದು ದಿನದಲ್ಲಿ ಕಿತ್ತಳೆ ಬಣ್ಣದ ಚುಕ್ಕೆಗಳು ಬೆಳಕಿನತ್ತ ಗುಂಪುಗೂಡುತ್ತವೆ. ಅವೇ ನಾಪ್ಲಿಯಸ್ ಮರಿಗಳು, ಅರ್ಧ ಮಿಲಿಮೀಟರಿಗೂ ತುಸು ಕಡಿಮೆ.

ಒಂದನ್ನು ಡ್ರಾಪರಿನಿಂದ ಎತ್ತಿ ಗಾಜಿನ ಮೇಲಿಟ್ಟು ನೋಡಿ. ಶಾಲೆಯ ಸೂಕ್ಷ್ಮದರ್ಶಕ ಸಾಕು, ಕಾಗದದ ಫೋಲ್ಡ್‌ಸ್ಕೋಪ್ ಆದರೂ ನಡೆಯುತ್ತದೆ. ನಡುವೆ ಒಂದೇ ಒಂದು ಕಣ್ಣು. ಕಾಲುಗಳು ಮೂರೇ ಜೊತೆ: ಮೊದಲ ಮೀಸೆ, ಎರಡನೆಯ ಮೀಸೆ, ದವಡೆ. ಈಜುವುದು ಎರಡನೆಯ ಮೀಸೆಯಿಂದ. ನೀವು ಕಾಗದದ ಮೇಲೆ ಜೋಡಿಸಿದ ಹತ್ತೊಂಬತ್ತರಲ್ಲಿ ಮುಂದಿನ ಮೂರು ಮಾತ್ರ ಇಲ್ಲಿವೆ. ನೀವು ತಂದ ಸೀಗಡಿಯೂ ಪೀನಿಯಿಡ್ ಬಳಗದ್ದಾದರೆ ಇಂಥ ಮೂರು ಜೊತೆ ಕಾಲಿನ ನಾಪ್ಲಿಯಸ್ ಆಗಿಯೇ ಮೊಟ್ಟೆಯಿಂದ ಹೊರಬಂದಿದ್ದು. ಉಳಿದವೆಲ್ಲ ಆಮೇಲೆ, ಹಿಂದಿನಿಂದ ದೇಹಕ್ಕೆ ಉಂಗುರದಂಥ ಖಂಡಗಳು ಸೇರುತ್ತ ಹೋದಂತೆ ಬಂದವು.

ಮರಿಗಳನ್ನು ಬೆಳೆಸಿ. ಯೀಸ್ಟ್ ಅಥವಾ ಸ್ಪಿರುಲಿನಾ ಪುಡಿಯನ್ನು ನೀರು ತುಸು ಮಬ್ಬಾಗುವಷ್ಟು ಮಾತ್ರ ಹಾಕಬೇಕು. ಹೆಚ್ಚಾದರೆ ನೀರು ಕೊಳೆತು ಎಲ್ಲವೂ ಸಾಯುತ್ತವೆ. ವಾರ ಕಳೆಯುವ ಹೊತ್ತಿಗೆ ಒಂದು ಮರಿಯನ್ನು ನೋಡಿದರೆ ಮುಂದಿನ ಕಾಲುಗಳು ಆಕಾರ ಪಡೆದಿರುತ್ತವೆ, ಅವುಗಳ ಹಿಂದಿನವು ಅರೆಬೆಳೆದಿರುತ್ತವೆ, ತೀರ ಹಿಂದಿನವು ಬರಿಯ ಮೊಗ್ಗು. ಎರಡು ಮೂರು ವಾರಕ್ಕೆ ಒಂದು ಸೆಂಟಿಮೀಟರಿನಷ್ಟು ಬೆಳೆದ, ಬೆನ್ನಡಿಯಾಗಿ ಈಜುವ ಪ್ರಾಣಿ ಸಿದ್ಧ. ಎದೆಯಲ್ಲಿ ಹನ್ನೊಂದು ಜೊತೆ ಕಾಲು, ಎಲ್ಲವೂ ಎಲೆಯಂತೆ ಚಪ್ಪಟೆ, ಎಲ್ಲವೂ ಒಂದೇ ಮಾದರಿ.

ಗಾಜಿನ ಲೋಟದಲ್ಲಿಟ್ಟು ಪಕ್ಕದಿಂದ ದೀಪ ಹಿಡಿದು ಈ ಕಾಲುಗಳ ಬಡಿತವನ್ನು ತಾಳ್ಮೆಯಿಂದ ನೋಡಿ. ಎಲ್ಲ ಒಟ್ಟಿಗೆ ಬಡಿಯುವುದಿಲ್ಲ. ಹಿಂದಿನ ಕಾಲು ಮೊದಲು, ಅದರ ಮುಂದಿನದು ಕ್ಷಣ ತಡೆದು, ಅದರ ಮುಂದಿನದು ಮತ್ತೂ ತಡೆದು: ಅಘನಾಶಿನಿ ಹೊಳೆಯ ಗಜನಿಯಲ್ಲಿ, ಅಂದರೆ ಉಪ್ಪುನೀರಿನ ಗದ್ದೆಯಲ್ಲಿ, ಕಗ್ಗ ಭತ್ತದ ಪೈರಿನ ಮೇಲೆ ಗಾಳಿ ಹಾದಂತೆ ಅಲೆಯೊಂದು ಹಿಂದಿನಿಂದ ಮುಂದಕ್ಕೆ ಹಾಯುತ್ತದೆ. ಎರಡು ಕಾಲುಗಳ ನಡುವಿನ ಜಾಗ ಹಿಗ್ಗಿದಾಗ ನೀರು ಒಳಗೆ ಬರುತ್ತದೆ, ಕುಗ್ಗಿದಾಗ ಹೊರಗೆ ಹೋಗುತ್ತದೆ. ಕಾಲಿನ ಒಳ ಅಂಚಿನ ರೋಮಗಳಲ್ಲಿ ಸಿಕ್ಕಿದ ಕಣಗಳು ಎದೆಯ ನಡುಗೆರೆಯ ಕಾಲುವೆಗೆ ಬಿದ್ದು ಬಾಯಿಯ ಕಡೆಗೆ ಸಾಗುತ್ತವೆ. ಈಜು, ಊಟ ಎರಡೂ ಒಂದೇ ಚಲನೆಯಲ್ಲಿ. ಕುದುರೆಲಾಳ ಸೀಗಡಿಯನ್ನು ಜೀವಂತವಾಗಿ ನೋಡುವ ಭಾಗ್ಯ ಬಹಳ ಕಡಿಮೆ ಜನರಿಗೆ ಸಿಕ್ಕಿದೆ. ಅದರ ಕಾಲುಗಳ ಲಯವನ್ನು ಕಣ್ಣಿಗೆ ತುಂಬಿಕೊಳ್ಳಲು ನಮಗೆ ಸಿಗುವ ಅತ್ಯುತ್ತಮ ದಾರಿ ಈ ಲೋಟ.

ಮೂರನೆಯದು ಕಾಗದ, ಕತ್ತರಿ, ಅಂಟು. ಈಗ ನಿಜವಾದ ಪ್ರಾಣಿಗೆ ಬರೋಣ.

ಅಮೆರಿಕದ ಲಾಂಗ್ ಐಲೆಂಡ್ ಸೌಂಡ್ ಎಂಬ ಕಡಲ ಕೊಲ್ಲಿಯ ಕೆಸರಿನಲ್ಲಿ ಏನೇನು ಬದುಕುತ್ತದೆ ಎಂದು ಹೋವರ್ಡ್ ಸ್ಯಾಂಡರ್ಸ್ ಅಧ್ಯಯನ ಮಾಡುತ್ತಿದ್ದರು. ಸೋಸಿದ ಕೆಸರಿನಲ್ಲಿ ಯಾವ ಗುಂಪಿಗೂ ಸೇರದ ಪ್ರಾಣಿಯೊಂದು ಸಿಕ್ಕಿತು. 1955ರಲ್ಲಿ ಅದನ್ನು ಹಚಿನ್ಸೋನಿಯೆಲ್ಲಾ ಮ್ಯಾಕ್ರಕಾಂತಾ ಎಂದು ಹೆಸರಿಸಿ, ಅದಕ್ಕಾಗಿ ಸೆಫಲೋಕ್ಯಾರಿಡಾ ಎಂಬ ಹೊಸ ಗುಂಪನ್ನೇ ತೆರೆದರು. ಹೆಸರಿನಲ್ಲಿರುವುದು ಯೇಲ್ ವಿಶ್ವವಿದ್ಯಾಲಯದ ಪರಿಸರ ವಿಜ್ಞಾನಿ ಈವ್ಲಿನ್ ಹಚಿನ್ಸನ್. ಕೆಸರು ಸೋಸುವ ಕೆಲಸವನ್ನು ಕೀಳಾಗಿ ಕಾಣುವವರಿಗೆ ನಾನು ಈ ಘಟನೆಯನ್ನು ತಪ್ಪದೆ ಹೇಳುತ್ತೇನೆ. ಆಮೇಲೆ ಇದರ ಬಂಧುಗಳು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ, ಕೆರಿಬಿಯನ್, ಜಪಾನ್, ನ್ಯೂಜಿಲೆಂಡ್, ಮೆಡಿಟರೇನಿಯನ್‌ನಲ್ಲೂ ಸಿಕ್ಕವು: ಉಬ್ಬರವಿಳಿತದ ಅಂಚಿನಿಂದ ಹಿಡಿದು ಸಾವಿರದೈನೂರು ಮೀಟರಿಗೂ ಹೆಚ್ಚಿನ ಆಳದವರೆಗೆ.

ಎ3 ಅಳತೆಯ ಹಾಳೆ ತೆಗೆದುಕೊಳ್ಳಿ. ಒಂದು ಮಿಲಿಮೀಟರಿಗೆ ಹತ್ತು ಸೆಂಟಿಮೀಟರ್ ಎಂದು ಲೆಕ್ಕ ಇಟ್ಟರೆ ಮೂರು ಮಿಲಿಮೀಟರಿನ ಪ್ರಾಣಿ ಹಾಳೆಯಲ್ಲಿ ಸರಿಯಾಗಿ ಕೂರುತ್ತದೆ. ಎಡತುದಿಯಲ್ಲಿ ಮೇಲಿನಿಂದ ನೋಡಿದಂತೆ ಕುದುರೆಲಾಳದ ಆಕಾರದ ತಲೆಗುರಾಣಿ ಬರೆಯಿರಿ. ಅದರ ಹಿಂದೆ ಸಾಲಾಗಿ ಹತ್ತೊಂಬತ್ತು ಚೌಕ, ಕೊನೆಗೆ ಬಾಲಖಂಡ. ಬಾಲಖಂಡದಿಂದ ಎರಡು ಕವಲು, ಕವಲಿನ ತುದಿಯಲ್ಲಿ ಉದ್ದನೆಯ ರೋಮ. ಮೊದಲ ಎಂಟು ಚೌಕ ವಕ್ಷ, ಮುಂದಿನ ಹನ್ನೊಂದು ಉದರ. ಸೀಗಡಿಗೆ ಇರುವಂತೆ ಎದೆಯ ಮೇಲೆ ಚಿಪ್ಪು ಹೊದಿಸಬೇಡಿ, ಗುರಾಣಿ ತಲೆಗಷ್ಟೇ. ಕಣ್ಣು ಬರೆಯಬೇಡಿ.

ಈಗ ಬೇರೊಂದು ಹಾಳೆಯಲ್ಲಿ ಒಂದೇ ಒಂದು ಕಾಲನ್ನು ಎಚ್ಚರದಿಂದ ಬರೆಯಬೇಕು. ಅವಸರ ಮಾಡಬೇಡಿ. ಬುಡ ಅಗಲ, ಸ್ವಲ್ಪ ಚಪ್ಪಟೆ. ಬುಡದ ಒಳ ಅಂಚಿನಲ್ಲಿ ಒಂದರ ಕೆಳಗೊಂದು ಸಣ್ಣ ಹಾಲೆಗಳ ಸಾಲು, ಪ್ರತಿಯೊಂದರ ಮೇಲೂ ಮುಳ್ಳು, ರೋಮ. ಆಹಾರದ ಕಣಗಳನ್ನು ನಡುಗಾಲುವೆಗೆ ತಳ್ಳುವುದು ಇವು. ಬುಡದ ತುದಿಯಿಂದ ಕೆಳಕ್ಕೆ ಒಳಕವಲು: ದುಂಡಗೆ, ಐದಾರು ಗೆಣ್ಣಿನದು, ಕೊನೆಯಲ್ಲಿ ಉಗುರು. ಪ್ರಾಣಿ ಕೆಸರನ್ನು ಕೆದಕಿ ತೆವಳುವುದು ಇದರಿಂದ. ಹೊರಕ್ಕೆ ಚಪ್ಪಟೆಯಾದ ಹೊರಕವಲು. ಅದರ ಬುಡದಿಂದ ಹೊರಗೆ ಚಾಚಿದ ಇನ್ನೊಂದು ಎಲೆಯಂಥ ಹಾಲೆ. ಇದಕ್ಕೆ ಹುಸಿ ಹೊರಹಾಲೆ ಎನ್ನಬಹುದು. ಈ ಎರಡು ಚಪ್ಪಟೆ ಭಾಗಗಳು ನೀರನ್ನು ತಳ್ಳುತ್ತವೆ.

ಬರೆದಾಯಿತೇ? ಈಗ ನಿಮ್ಮ ಕಪ್ಪು ಕಾಗದದ ಸೀಗಡಿಯ ನಡೆಗಾಲನ್ನೂ ಆರ್ಟೀಮಿಯಾದ ಎಲೆಗಾಲನ್ನೂ ಈ ಚಿತ್ರದ ಎರಡು ಬದಿಗೆ ಇಡಿ. ಒಳಕವಲನ್ನು ಉದ್ದ ಮಾಡಿ ಉಳಿದದ್ದನ್ನು ಕುಗ್ಗಿಸಿದರೆ ಸೀಗಡಿಯ ಕಾಲು ಸಿಗುತ್ತದೆ. ಹೊರಭಾಗಗಳನ್ನು ಹಿಗ್ಗಿಸಿ ಗೆಣ್ಣುಗಳನ್ನು ಅಳಿಸಿದರೆ ಆರ್ಟೀಮಿಯಾದ ಕಾಲು ಸಿಗುತ್ತದೆ. ಎರಡೂ ಕಡೆಗೆ ಹೋಗಬಲ್ಲ ನಡುವಿನ ಕಾಲು ಇದು. ಸ್ಯಾಂಡರ್ಸ್ ಅವರನ್ನು, ಆಮೇಲೆ ಈ ಪ್ರಾಣಿಯ ಅಸ್ಥಿಪಂಜರವನ್ನೂ ಸ್ನಾಯುಗಳನ್ನೂ ಎಳೆ ಎಳೆಯಾಗಿ ಬಿಡಿಸಿದ ರಾಬರ್ಟ್ ಹೆಸ್ಲರ್ ಅವರನ್ನು ಬೆರಗುಗೊಳಿಸಿದ್ದು ಇದೇ.

ಆ ಚಿತ್ರದ ಎಂಟು ಜೆರಾಕ್ಸ್ ಪ್ರತಿ ಮಾಡಿಸಿ. ಏಳನ್ನು ಮೊದಲ ಏಳು ಚೌಕಗಳ ಕೆಳಗೆ ಅಂಟಿಸಿ. ಈ ಏಳೂ ಹೆಚ್ಚುಕಡಿಮೆ ಒಂದೇ. ಎಂಟನೆಯ ಚೌಕದ ಕೆಳಗೆ ಗಿಡ್ಡದೊಂದನ್ನು ಕೈಯಿಂದ ಬರೆಯಿರಿ. ಇದೇ ಗುಂಪಿನ ಲೈಟಿಯೆಲ್ಲಾ ಎಂಬ ಕುಲದ ಜಾತಿಗಳಲ್ಲಿ ಅದೂ ಇರುವುದಿಲ್ಲ. ಉದರದ ಚೌಕಗಳ ಕೆಳಗೆ ಏನೂ ಇಲ್ಲ. ಅವುಗಳಲ್ಲಿ ಮೊದಲನೆಯದಕ್ಕೆ ಮಾತ್ರ ಮೊಟ್ಟೆ ಹೊರುವ ಪುಟ್ಟ ಕಡ್ಡಿಯೊಂದು. ಈ ಪ್ರಾಣಿ ಉಭಯಲಿಂಗಿ. ಒಂದೇ ದೇಹದಲ್ಲಿ ಅಂಡಾಶಯವೂ ವೃಷಣವೂ ಇವೆ, ಎರಡರ ನಾಳಗಳೂ ಕೂಡಿ ಆರನೆಯ ಎದೆಖಂಡದಲ್ಲಿ ತೆರೆಯುತ್ತವೆ. ಬದಿಗೊಂದರಂತೆ ಒಂದೆರಡು ಮೊಟ್ಟೆಗಳನ್ನಷ್ಟೇ ಹೊತ್ತು ತಿರುಗುತ್ತದೆ.

ಇನ್ನು ತಲೆ. ಗಿಡ್ಡ ಮೀಸೆ ಒಂದು ಜೊತೆ, ಕವಲೊಡೆದ ಎರಡನೆಯ ಮೀಸೆ ಒಂದು ಜೊತೆ, ಹಿಮ್ಮುಖವಾಗಿ ಚಾಚಿ ಬಾಯಿಯನ್ನು ಮುಚ್ಚುವ ದೊಡ್ಡ ಮೇಲ್ದುಟಿ, ದವಡೆ, ಮೊದಲ ಕಿರುದವಡೆ. ಎರಡನೆಯ ಕಿರುದವಡೆಯ ಜಾಗಕ್ಕೆ ಬಂದಾಗ ಕೈಯಲ್ಲಿ ಉಳಿದ ಎಂಟನೆಯ ಜೆರಾಕ್ಸ್ ಪ್ರತಿಯನ್ನು ಅಲ್ಲಿಗೇ ಅಂಟಿಸಿ.

ಹೌದು, ಅದೇ ಕಾಲು. ನೀವು ಪೂರ್ತಿ ಪುಟಕ್ಕೆ ಬರೆದಿಟ್ಟ, ನೀರು ಹೊಡೆಯುವ ಆ ತೆಳು ಪಟ್ಟಿಯನ್ನು ತಂದು ಪಕ್ಕಕ್ಕಿಡಿ. ಸೀಗಡಿಯಲ್ಲಿ ಗುರುತೇ ಸಿಗದಷ್ಟು ಬದಲಾದ ಅಂಗ, ಇಲ್ಲಿ ಎದೆಯ ಕಾಲಿಗಿಂತ ಬೇರೆಯಾಗಿಯೇ ಇಲ್ಲ. ತಲೆ ಎಲ್ಲಿ ಮುಗಿಯಿತು, ಮುಂಡ ಎಲ್ಲಿ ಶುರುವಾಯಿತು ಎಂದು ಕಾಲುಗಳನ್ನು ನೋಡಿ ಹೇಳಲಾಗದು. ಗುರಾಣಿಯ ಅಂಚು ನೋಡಿ ಹೇಳಬೇಕು. ಬಾಯಿಯ ಭಾಗಗಳು ಒಂದು ಕಾಲದಲ್ಲಿ ಬರಿಯ ಕಾಲುಗಳಾಗಿದ್ದವು ಎಂಬ ಮಾತನ್ನು ಪಾಠದಲ್ಲಿ ಕೇಳಿರುತ್ತೀರಿ. ಒಂದು ಜೊತೆ ಇನ್ನೂ ಹಾಗೆಯೇ ಉಳಿದಿರುವ, ಇಂದಿಗೂ ಬದುಕಿರುವ ಪ್ರಾಣಿ ಇದು. ‘ಆದಿಮ’ ಎಂಬ ಮಾತಿನ ಆಧಾರ ಇಷ್ಟೇ, ಆದರೆ ಗಟ್ಟಿಯಾದದ್ದು. ಇದರ ಮರಿಯೂ ಥಟ್ಟನೆ ರೂಪ ಬದಲಿಸುವುದಿಲ್ಲ. ಹಚಿನ್ಸೋನಿಯೆಲ್ಲಾ ಹದಿನೆಂಟು ಹಂತಗಳಲ್ಲಿ, ಖಂಡಕ್ಕೆ ಖಂಡ ಸೇರಿಸುತ್ತ, ಕಾಲಿಗೆ ಕಾಲು ಕೂಡಿಸುತ್ತ ದೊಡ್ಡದಾಗುತ್ತದೆ.

ಒಂದೇ ಮಾದರಿಯ ಕಾಲು ಬೇರೆ ಬೇರೆಯಾಗುವುದು ಹೇಗೆ ಎಂಬ ಪ್ರಶ್ನೆಗೆ ಜೀನ್‌ಗಳ ಕಡೆಯಿಂದಲೂ ಉತ್ತರ ಬಂದಿದೆ. 1997ರಲ್ಲಿ ಮಿಖಾಲಿಸ್ ಅವೆರೋಫ್ ಮತ್ತು ನಿಪಮ್ ಪಟೇಲ್ ಹಲವು ಕಠಿಣಚರ್ಮಿಗಳ ಭ್ರೂಣಗಳಲ್ಲಿ ದೇಹದ ಖಂಡಗಳಿಗೆ ಗುರುತು ಕೊಡುವ ಹಾಕ್ಸ್ ಜೀನ್‌ಗಳು ಎಲ್ಲಿಂದ ಕೆಲಸ ಶುರು ಮಾಡುತ್ತವೆ ಎಂದು ನೋಡಿದರು. ಆರ್ಟೀಮಿಯಾದಂತೆ ಎದೆಯ ಕಾಲುಗಳೆಲ್ಲ ಒಂದೇ ಆಗಿರುವ ಪ್ರಾಣಿಗಳಲ್ಲಿ ಅಲ್ಟ್ರಾಬೈಥೊರಾಕ್ಸ್ ಬಗೆಯ ಹಾಕ್ಸ್ ಜೀನ್‌ಗಳು ಎದೆಯ ಮೊದಲ ಖಂಡದಿಂದಲೇ ಕೆಲಸ ಮಾಡುತ್ತಿದ್ದವು. ಮುಂದಿನ ಒಂದೆರಡು ಮೂರು ಜೊತೆ ದವಡೆಗಾಲುಗಳಾಗಿರುವಲ್ಲಿ ಆ ಗಡಿ ಅಷ್ಟೇ ಖಂಡ ಹಿಂದಕ್ಕೆ ಸರಿದಿತ್ತು. ನಿಮ್ಮ ಕಪ್ಪು ಕಾಗದಕ್ಕೆ ಮರಳಿ, ಮೂರನೆಯ ದವಡೆಗಾಲಿಗೂ ಮೊದಲ ನಡೆಗಾಲಿಗೂ ನಡುವೆ ಗೆರೆ ಎಳೆಯಿರಿ. ಕುದುರೆಲಾಳ ಸೀಗಡಿಯ ಹಾಳೆಯಲ್ಲಿ ಹಾಗೆ ಗೆರೆ ಎಳೆಯಲು ಜಾಗವೇ ಇಲ್ಲ, ಅದಕ್ಕೆ ದವಡೆಗಾಲುಗಳಿಲ್ಲ.

ನಾಲ್ಕನೆಯದು ವಂಶವೃಕ್ಷ. ಇಲ್ಲೇ ಹೆಚ್ಚಿನವರು ಎಡವುವುದು. ಕಾಲು ಹಳೆಯದಾದ್ದರಿಂದ ಪ್ರಾಣಿಯೇ ಎಲ್ಲ ಕಠಿಣಚರ್ಮಿಗಳ ತಾಯಿ ಎಂದು ಬರೆದುಬಿಡುತ್ತಾರೆ. ಹಾಗೆ ಬರೆದ ಉತ್ತರಕ್ಕೆ ನಾನು ಅಂಕ ಕೊಡುವುದಿಲ್ಲ. ಕಣ್ಣು ಇಲ್ಲದಿರುವುದು, ಉಭಯಲಿಂಗಿಯಾಗಿರುವುದು, ಬೆರಳೆಣಿಕೆಯ ಮೊಟ್ಟೆ ಹೊರುವುದು, ಉದರದ ಕಾಲುಗಳು ಹೋಗಿರುವುದು: ಇವೆಲ್ಲ ಕೆಸರಿನ ಬದುಕಿಗೆ ಹೊಂದಿಕೊಂಡು ಆಮೇಲೆ ಬಂದ ಲಕ್ಷಣಗಳು ಎಂದು ತಿಳಿಯುವುದೇ ಸರಿ. ಒಂದೇ ದೇಹದಲ್ಲಿ ಹಳೆಯದೂ ಹೊಸದೂ ಇರುತ್ತವೆ. ಹಾಳೆಯ ಮೇಲೆ ಎರಡು ಬಣ್ಣದ ಪೆನ್ಸಿಲ್ ಬಳಸಿ: ಹಳೆಯದಕ್ಕೆ ಕಂದು, ಹೊಸದಕ್ಕೆ ನೀಲಿ. ಯಾವುದಕ್ಕೆ ಯಾವ ಬಣ್ಣ ಎಂದು ವಾದ ಮಾಡುತ್ತಲೇ ಅರ್ಧ ವಿಷಯ ಕಲಿತಿರುತ್ತೀರಿ.

ಹೋಲಿಸಲು ಇನ್ನಿಬ್ಬರನ್ನು ಕರೆತನ್ನಿ. ಒಬ್ಬರು ರೆಮಿಪೀಡಿಯಾ ಎಂಬ ಕಠಿಣಚರ್ಮಿಗಳು. 1979ರಲ್ಲಿ ಜಿಲ್ ಯೇಗರ್ ಬಹಾಮಾಸ್‌ನ ನೀರು ತುಂಬಿದ ಗುಹೆಯೊಂದರಲ್ಲಿ ಇವನ್ನು ಕಂಡರು, 1981ರಲ್ಲಿ ವಿವರಣೆ ಪ್ರಕಟವಾಯಿತು. ಉದ್ದ ಮುಂಡದ ಪ್ರತಿ ಖಂಡಕ್ಕೂ ಒಂದೇ ಬಗೆಯ ಈಜುಗಾಲು. ಆದಿಮ ಎಂಬ ಪಟ್ಟ ಕೆಲಕಾಲ ಇವಕ್ಕೆ ಹೋಯಿತು. ಆದರೆ ಇವುಗಳ ತಲೆ ನೋಡಿ: ಬೇಟೆಗೆ ವಿಷ ಚುಚ್ಚುವ ಅಂಗಗಳಿರುವ, ಬಹಳ ಮುಂದುವರಿದ ತಲೆ. ಮತ್ತೊಬ್ಬರು ಸ್ವೀಡನ್ನಿನ ಕೇಂಬ್ರಿಯನ್ ಪಳೆಯುಳಿಕೆಗಳು, ಸುಮಾರು 50 ಕೋಟಿ ವರ್ಷ ಹಿಂದಿನವು. 1970ರ ದಶಕದಿಂದ ಕ್ಲೌಸ್ ಮ್ಯುಲರ್ ಸುಣ್ಣಗಲ್ಲಿನ ಉಂಡೆಗಳನ್ನು ತೆಳು ಅಸಿಟಿಕ್ ಆಮ್ಲದಲ್ಲಿ ಕರಗಿಸಿದಾಗ, ಕರಗದೆ ಉಳಿದ ಮರಳಿನಲ್ಲಿ ಒಂದೆರಡು ಮಿಲಿಮೀಟರಿನೊಳಗಿನ ಪ್ರಾಣಿಗಳು ಸಿಕ್ಕವು. ಫಾಸ್ಫೇಟ್ ಆಗಿ ಗಟ್ಟಿಯಾದ ಅವುಗಳ ಕಾಲಿನ ರೋಮ ಕೂಡ ಹಾಗೆಯೇ ಇತ್ತು. ರೆಹ್ಬಾಕಿಯೆಲ್ಲಾ ಎಂಬ ಪಳೆಯುಳಿಕೆಯಲ್ಲಿ ಕಾಲುಗಳ ಸಾಲು, ಒಳ ಅಂಚಿನ ಹಾಲೆಗಳು, ಒಳಕವಲು, ಹೊರಕವಲು ಎಲ್ಲ ಇವೆ. ನೀವು ಜೆರಾಕ್ಸ್ ಮಾಡಿಸಿದ ಕಾಲು ಎಷ್ಟು ಹಳೆಯ ವಿನ್ಯಾಸ ಎಂಬುದಕ್ಕೆ ಕಲ್ಲೇ ಸಾಕ್ಷಿ.

ಡಿಎನ್‌ಎ ಬಂದ ಮೇಲೆ ಚಿತ್ರ ತಿರುಗಿತು. 2010ರ ಒಂದು ದೊಡ್ಡ ವಿಶ್ಲೇಷಣೆ ಕುದುರೆಲಾಳ ಸೀಗಡಿಗಳನ್ನೂ ರೆಮಿಪೀಡಿಯಾವನ್ನೂ ಜೊತೆಯಾಗಿಸಿ, ಆ ಜೋಡಿಯನ್ನು ಕೀಟಗಳ ಪಕ್ಕಕ್ಕೆ ಇಟ್ಟಿತು. 2017ರ ವಿಶ್ಲೇಷಣೆಯಲ್ಲಿ ಕೀಟಗಳಿಗೆ ತೀರ ಹತ್ತಿರದ ಬಂಧು ರೆಮಿಪೀಡಿಯಾ ಮಾತ್ರ. ಆರ್ಟೀಮಿಯಾದ ಬಳಗ ಮತ್ತು ಕುದುರೆಲಾಳ ಸೀಗಡಿಗಳು ಅದೇ ಕೊಂಬೆಯಲ್ಲಿ ತುಸು ದೂರ. ನಾವು ತಿನ್ನುವ ಸೀಗಡಿ, ಏಡಿಗಳು ಬೇರೆ ಕೊಂಬೆಗೆ ಹೋದವು. ಈ ವೃಕ್ಷವನ್ನು ಒಪ್ಪಿದರೆ ಕುದುರೆಲಾಳ ಸೀಗಡಿಗೆ ಮಾರುಕಟ್ಟೆಯ ಸೀಗಡಿಗಿಂತ ಅಡುಗೆಮನೆಯ ಜಿರಲೆಯೇ ಹತ್ತಿರದ ನೆಂಟ. ಮಕ್ಕಳು ಇದನ್ನು ಕೇಳಿ ಮೊದಲು ನಂಬುವುದಿಲ್ಲ. ಕಾಗದದ ಮೇಲೆ ಮೂರು ಕವಲು ಬರೆದು ತೋರಿಸಿದರೆ ಸುಮ್ಮನಾಗುತ್ತಾರೆ. ಮೊದಲು ಕವಲೊಡೆದ ಕೊಂಬೆ ಎಂಬ ಅರ್ಥದಲ್ಲಿ ಈ ಪ್ರಾಣಿ ಇಂದು ಆದಿಮವಲ್ಲ. ಹಳೆಯ ಕಾಲನ್ನು ಕಾಪಾಡಿಕೊಂಡು ಬಂದದ್ದು ಎಂಬ ಅರ್ಥದಲ್ಲಿ ಆದಿಮವೇ. ಪರೀಕ್ಷೆಯಲ್ಲಿ ಎರಡನ್ನೂ ಬಿಡಿಸಿ ಬರೆಯಿರಿ.

ಕೊನೆಯದು ಕೆಸರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಮಳೆನೀರು ಸೇರಿ ಉಪ್ಪು ಇಳಿದಿರುತ್ತದೆ, ಹೊಳೆಯ ಸೆಳೆತವೂ ಅಪಾಯ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನ ಇಳಿತದ ಹೊತ್ತು ನೋಡಿಕೊಂಡು ಚಿಕಲಿಂ ಅಥವಾ ಶಿರದೋಣದ ಕಡೆಯ ಕೆಸರುಬಯಲಿಗೆ ಹೋಗಿ. ಒಬ್ಬರೇ ಹೋಗಬೇಡಿ, ಮೊಣಕಾಲು ಹೂಳುವ ಕಡೆ ಕಾಲಿಡಬೇಡಿ, ಉಬ್ಬರ ತಿರುಗುವ ಮೊದಲೇ ಮರಳಿ. ತುದಿ ಕತ್ತರಿಸಿದ 50 ಮಿಲಿಲೀಟರಿನ ಸಿರಿಂಜನ್ನು ಕೆಸರಿಗೆ ನೇರವಾಗಿ ಒತ್ತಿ ಎತ್ತಿದರೆ ಮೇಲೆ ಕಂದು ಪದರ, ಕೆಳಗೆ ಕೊಳೆತ ಮೊಟ್ಟೆಯ ವಾಸನೆಯ ಕಪ್ಪು ಪದರ ಕಾಣುತ್ತದೆ. ನಮಗೆ ಬೇಕಾದದ್ದು ಮೇಲಿನ ಒಂದೆರಡು ಸೆಂಟಿಮೀಟರ್ ಮಾತ್ರ. ಆಮ್ಲಜನಕವೂ ಜೀವಗಳೂ ಅಲ್ಲೇ ಇರುತ್ತವೆ. ನಾಲ್ಕಾರು ಸಿರಿಂಜಿನಷ್ಟು ಸಾಕು. ಬಕೆಟ್ಟುಗಟ್ಟಲೆ ತೆಗೆಯಬೇಡಿ, ಚಿಕಲಿಂನ ಕೆಸರು ಚಪ್ಪಟೆ ಚಿಪ್ಪಿಗಳ ನೆಲೆ, ಅವುಗಳನ್ನು ತುಳಿಯದಂತೆ ನಡೆಯಿರಿ.

ಮನೆಗೆ ಬಂದು ಕೆಸರಿಗೆ ಅಲ್ಲಿಯದೇ ಕಡಲನೀರು ಬೆರೆಸಿ. ಒಂದು ಮಗ್ಗಿನಿಂದ ಇನ್ನೊಂದಕ್ಕೆ ಎತ್ತರದಿಂದ ಹಲವು ಸಲ ಸುರಿಯಿರಿ, ನೊರೆ ಬರಬೇಕು. ಒಂದು ಕ್ಷಣ ಬಿಟ್ಟು ನೀರಿನ ಮೇಲ್ಮೈಗೆ ಬಿಳಿ ಕಾಗದವೊಂದನ್ನು ಮೆಲ್ಲಗೆ ತಾಗಿಸಿ ಎತ್ತಿ, ಅದನ್ನು ಶುದ್ಧ ಕಡಲನೀರಿನ ಬಟ್ಟಲಿಗೆ ತೊಳೆಯಿರಿ. ಗಟ್ಟಿ ಹೊರಮೈಯ ಪುಟ್ಟ ಜೀವಗಳು ಗುಳ್ಳೆಗಳಿಗೆ ಅಂಟಿ ಮೇಲ್ಮೈಗೆ ಬಂದಿರುತ್ತವೆ. ಕೆಸರಿನ ಕಣ ಕೆಳಗೇ ಉಳಿಯುತ್ತದೆ. ಪ್ರಯೋಗಾಲಯದ ಜರಡಿಗಳಿಲ್ಲದ ಮನೆಗಳಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಬಟ್ಟಲಿನಲ್ಲಿ ಪುಟ್ಟ ಕಠಿಣಚರ್ಮಿಗಳಾದ ಕೋಪೆಪಾಡ್‌ಗಳು, ಎರಡು ಚಿಪ್ಪಿನ ಆಸ್ಟ್ರಕಾಡ್‌ಗಳು, ಅದೃಷ್ಟವಿದ್ದರೆ ದಪ್ಪ ಎದೆ ಸಣ್ಣ ಬಾಲದ ಕ್ಯುಮೇಷಿಯಾ ಸಿಗುತ್ತವೆ. ಪ್ರತಿಯೊಂದರಲ್ಲೂ ತಲೆಯಿಂದ ಹಿಂದಕ್ಕೆ ಕಾಲು ಎಣಿಸಿ, ಎಲ್ಲಿಂದ ಕಾಲು ಬದಲಾಯಿತು ಎಂದು ಗುರುತಿಸಿ, ಎ3 ಹಾಳೆಯ ಪ್ರಾಣಿಯೊಂದಿಗೆ ಹೋಲಿಸಿ.

ಕುದುರೆಲಾಳ ಸೀಗಡಿ ಸಿಗುತ್ತದೆಂದು ಹೊರಡಬೇಡಿ. ಅದು ಎಲ್ಲಿಯೂ ಅಪರೂಪ. ಆದರೆ ಗುರುತು ಗೊತ್ತಿರಲಿ. ಲಾಳದ ತಲೆ, ಕಣ್ಣಿಲ್ಲ, ಎದೆಯಲ್ಲಿ ಒಂದೇ ಬಗೆಯ ಕಾಲುಗಳ ಸಾಲು, ಕಾಲಿಲ್ಲದ ಉದ್ದ ಹೊಟ್ಟೆ, ಕವಲುಬಾಲ. ಈ ಐದೂ ಒಟ್ಟಿಗೆ ಕಂಡರೆ ಮೊದಲು ಮೊಬೈಲಿನಲ್ಲಿ ಸೂಕ್ಷ್ಮದರ್ಶಕದ ಮೂಲಕ ಮೇಲಿನಿಂದ, ಪಕ್ಕದಿಂದ ಚಿತ್ರ ತೆಗೆಯಿರಿ. ಆಮೇಲೆ 95 ಪ್ರತಿಶತ ಎಥನಾಲ್ ಇರುವ ಸಣ್ಣ ಬಾಟಲಿಗೆ ಹಾಕಿ. ಫಾರ್ಮಾಲಿನ್ ಡಿಎನ್‌ಎಯನ್ನು ಹಾಳು ಮಾಡುತ್ತದೆ. ಜಾಗ, ದಿನಾಂಕ, ಇಳಿತದ ಹೊತ್ತು, ಕೆಸರಿನ ಆಳ ಇಷ್ಟನ್ನು ಗಟ್ಟಿ ಕಾಗದದ ಮೇಲೆ ಸೀಸದ ಕಡ್ಡಿಯಿಂದ ಬರೆದು ಬಾಟಲಿಯ ಒಳಗೇ ಹಾಕಿ. ಪೆನ್ನಿನ ಶಾಯಿ ಎಥನಾಲಿನಲ್ಲಿ ಕರಗುತ್ತದೆ, ಹೊರಗೆ ಅಂಟಿಸಿದ ಚೀಟಿ ಗೋವೆಯ ತೇವಕ್ಕೆ ಕಿತ್ತುಬರುತ್ತದೆ. ಬಾಟಲಿಯನ್ನು ದೋನಾ ಪಾವ್ಲಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಲ್ಲಿ ಸಮುದ್ರತಳದ ಜೀವಿಗಳನ್ನು ಅಧ್ಯಯನ ಮಾಡುವವರಿಗೆ ತೋರಿಸಿ, ಉಳಿದ ಕೆಸರನ್ನು ಚೆಲ್ಲದೆ ಇಟ್ಟುಕೊಳ್ಳಿ. ಅವರು ಮೊದಲು ಕೇಳುವುದೇ ಅದನ್ನು.